ಗಣಿಯ ಖಾಯಂ ಗಾಯಾಳು

ನಮ್ಮ ಭಾವನಷ್ಟು ಸಲ ಕೈಕಾಲು ಮುರಿದುಕೊಂಡವರು ಈ ಊರಲ್ಲಿ ಇನ್ನೊಬ್ಬರಿಲ್ಲ. ಬೆನ್ನುಮೂಳೆ, ಪಕ್ಕೆಲುಬು, ಕತ್ತು, ಎರಡೂ ಕಣ್ಣು, ಯಾವುದನ್ನೂ ಅವರು ಬಿಟ್ಟಿಲ್ಲ. ಹೊಗೆ ಕುಡಿದಿದ್ದಾರೆ, ಕರೆಂಟು ಹೊಡೆಸಿಕೊಂಡಿದ್ದಾರೆ, ಒಂದೇ ತಿಂಗಳಲ್ಲಿ ಎರಡು ಸಲ ನೀರಲ್ಲಿ ಮುಳುಗಿದ್ದಾರೆ. ಇಷ್ಟೆಲ್ಲ ಆದಮೇಲೂ ಸಂಜೆ ಮನೆಗೆ ಬಂದು, ನಮ್ಮಕ್ಕ ಕೊಟ್ಟ ಚಹಾ ಕುಡಿದು, ಸಕ್ಕರೆ ಕಡಿಮೆ ಆಯಿತು ಅಂತ ಗೊಣಗುತ್ತಿದ್ದರು.

ಗಣಿಯಲ್ಲಿ ಒಂದು ರೆಸ್ಕ್ಯೂ ತಂಡ ಇದೆ. ಕೆಳಗೆ ಯಾರಿಗಾದರೂ ಪೆಟ್ಟಾದರೆ ಅವರನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಸುರಂಗದಲ್ಲಿ ಹೊತ್ತುಕೊಂಡು, ಲಿಫ್ಟಿನಲ್ಲಿ ಮೇಲಕ್ಕೆ ತರುವುದು ಆ ತಂಡದ ಕೆಲಸ. ದಿನಾ ಯಾರಿಗೂ ಪೆಟ್ಟಾಗುವುದಿಲ್ಲವಲ್ಲ, ಹಾಗಾಗಿ ವಾರಕ್ಕೊಮ್ಮೆ ಪ್ರಾಕ್ಟೀಸು ಮಾಡುತ್ತಾರೆ. ಪ್ರಾಕ್ಟೀಸಿಗೆ ಒಬ್ಬ ಗಾಯಾಳು ಬೇಕು. ಆ ಗಾಯಾಳು ನಮ್ಮ ಭಾವ. ಉಳಿದ ದಿನಗಳಲ್ಲಿ ಸ್ಟ್ರೆಚರ್ ಒರೆಸುವುದು, ಬೆಲ್ಟು ಹಗ್ಗ ನೋಡಿಕೊಳ್ಳುವುದು ಇತ್ಯಾದಿ ಇದ್ದರೂ, ಅವರನ್ನು ಕೇಳಿದರೆ ನೌಕರಿ ಅಂದರೆ ಗಾಯಾಳುವಿನದೇ.

ನಾನು ಅದೇ ಗಣಿಯ ದವಾಖಾನೆಯಲ್ಲಿ ನರ್ಸು. ಅಕ್ಕನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆದ್ದರಿಂದ ಭಾವನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ. ಪ್ರಾಕ್ಟೀಸಿನ ದಿನ ಬೆಳಿಗ್ಗೆ ದವಾಖಾನೆಗೆ ಬಂದು ಮಂಚದ ಮೇಲೆ ಕೂತು, ಹೋಟೆಲಿನಲ್ಲಿ ತಿಂಡಿ ವಿಚಾರಿಸುವ ಹಾಗೆ ಕೇಳುತ್ತಿದ್ದರು.

"ಇವತ್ತು ನನಗೇನಮ್ಮ ಇದೆ?"

"ತಲೆಗೆ ಪೆಟ್ಟು ಭಾವ. ಪ್ರಜ್ಞೆ ಇಲ್ಲ."

"ಥೂ, ಪ್ರಜ್ಞೆ ಇಲ್ಲ ಅಂದ್ರೆ ಮಾತಾಡೋ ಹಾಗಿಲ್ಲ. ಕಾಲು ಮುರಿದಿದೆ ಅಂತ ಮಾಡು, ಒಂಚೂರು ಕೂಗಬಹುದು."

"ನಿಮ್ಮ ಬಾಯಿ ಮುಚ್ಚಿಸೋಕೆ ಅಂತಲೇ ಸೇಫ್ಟಿ ಮೇಡಂ ಇದನ್ನ ಆರಿಸಿದಾರೆ. ಸುಮ್ಮನೆ ತಲೆ ಬಗ್ಗಿಸಿ."

ಗಣಿಯ ಸುರಕ್ಷತೆ ನೋಡಿಕೊಳ್ಳುವ ಆ ಮೇಡಂ ಹೇಳಿದ ಜಾಗಕ್ಕೆ ನಾನು ರಕ್ತದ ಹಾಗೆ ಕೆಂಪು ಬಣ್ಣ ಹಚ್ಚುತ್ತಿದ್ದೆ. ಅವರು ಕನ್ನಡಿ ನೋಡಿಕೊಂಡು, ಇನ್ನು ಸ್ವಲ್ಪ ಹಚ್ಚು, ಇದು ಸೊಳ್ಳೆ ಕಚ್ಚಿದ ಹಾಗಿದೆ ಅನ್ನುತ್ತಿದ್ದರು.

ತಮಾಷೆಯ ಹಿಂದೆ ನಿಜವಾದ ಒಂದು ಗಾಯ ಇತ್ತು. ಹತ್ತು ಹನ್ನೆರಡು ವರ್ಷದ ಹಿಂದೆ ಭಾವ ಕೆಳಗೆ ಕಲ್ಲು ಕೊರೆಯುವ ಕೆಲಸದಲ್ಲಿದ್ದಾಗ ಸುರಂಗದ ಸೂರಿನಿಂದ ಒಂದು ಚಪ್ಪಡಿ ಕಳಚಿ ಅವರ ಎಡಗಾಲಿನ ಮೇಲೆ ಬಿತ್ತು. ಜೊತೆಯಲ್ಲಿದ್ದವರು ಇಬ್ಬರೇ. ಅವರಿಗೆ ಚಪ್ಪಡಿ ಅಲುಗಿಸಲು ಆಗಲಿಲ್ಲ. ಹೋಗಿ ಸರಳು, ಜಾಕಿ ತಂದು, ಕಲ್ಲನ್ನು ಬೆರಳಷ್ಟು ಮೇಲೆತ್ತಿದಾಗ, ಭಾವ ಇದ್ದೊಂದು ಬಲಗಾಲನ್ನು ನೆಲಕ್ಕೆ ಒತ್ತಿ, ಸೊಂಟ ಎತ್ತಿ, ತಮ್ಮನ್ನು ತಾವೇ ಹೊರಗೆ ತಳ್ಳಿಕೊಂಡರು. ಆ ಇಬ್ಬರಲ್ಲಿ ಒಬ್ಬ ಮೀಸೆ. ದೊಡ್ಡ ಮೀಸೆ ಇರುವುದಕ್ಕೆ ಎಲ್ಲರೂ ಹಾಗೇ ಕರೆಯುತ್ತಾರೆ. ಮುಂದೆ ಅವನೇ ರೆಸ್ಕ್ಯೂ ತಂಡದ ನಾಯಕನಾದ. ಭಾವನ ಕಾಲು ಉಳಿಯಿತು, ಒಳಗೆ ಉಕ್ಕಿನ ಸರಳು ಬಂತು, ನಡಿಗೆ ಕುಂಟಾಯಿತು.

ಕಂಪನಿಯವರು ಅವರಿಗೆ ಗೇಟಿನ ಬಳಿ ಒಂದು ಸ್ಟೂಲು ಕೊಟ್ಟರು. ಬರುವವರಿಗೆ ಬನ್ನಿ, ಹೋಗುವವರಿಗೆ ಹೋಗಿ, ಅಷ್ಟೇ ಕೆಲಸ. ಭಾವ ಆ ಸ್ಟೂಲಿನ ಮೇಲೆ ಕೂತು ಕೂತು ಕಹಿಯಾದರು. ಜೊತೆಯವರೆಲ್ಲ ಟೋಪಿ ದೀಪ ಹಾಕಿಕೊಂಡು ಕಣ್ಣೆದುರೇ ಕೆಳಗಿಳಿಯುತ್ತಿದ್ದರು. ಮನೆಗೆ ಬಂದರೆ ಅನ್ನಕ್ಕೆ ಉಪ್ಪು ಜಾಸ್ತಿ, ನೀರಿಗೆ ಬಿಸಿ ಜಾಸ್ತಿ, ಅಕ್ಕನ ಮಾತು ಜಾಸ್ತಿ. ಕಾಲು ಹೋದರೂ ಚಿಂತೆ ಇರಲಿಲ್ಲ ಕಣೇ, ಈ ಮುಖ ನೋಡೋಕಾಗಲ್ಲ ಅಂತ ಅಕ್ಕ ಒಂದು ದಿನ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಿದ್ದಳು. ಆಗಲೇ ಒಂದು ಸಲ ಪ್ರಾಕ್ಟೀಸಿಗೆ ಗಾಯಾಳು ಸಿಗದೆ ಮೀಸೆ ಗೇಟಿನ ಕಡೆ ಬಂದ. ಅಣ್ಣ, ಸುಮ್ಮನೆ ಮಲಗಿಕೊಂಡರೆ ಸಾಕು, ಬರ್ತೀಯಾ ಅಂದ. ಸ್ಟೂಲು ಬಿದ್ದ ಶಬ್ದ ದವಾಖಾನೆಗೆ ಕೇಳಿಸಿತು.

ಅಂದಿನಿಂದ ಭಾವ ಮತ್ತೆ ಮನುಷ್ಯರಾದರು. ವಾರಕ್ಕೊಮ್ಮೆಯಾದರೂ ಕೆಳಗಿಳಿಯಬೇಕು, ಜೊತೆಯವರ ನಡುವೆ ಇರಬೇಕು, ಅವರಿಗೆ ಬೇಕಾಗಿದ್ದದ್ದು ಅದೊಂದೇ. ತಂಡದವರಿಗೂ ಅವರೆಂದರೆ ಪ್ರಾಣ. ಮೀಸೆ "ಒಂದು, ಎರಡು, ಮೂರು" ಅನ್ನುತ್ತಿದ್ದ ಹಾಗೆ ಭಾವನ ಮೈ ಹೂವಿನಂತೆ ಮೇಲೇಳುತ್ತಿತ್ತು, ಕೆಳಗೆ ಸ್ಟ್ರೆಚರ್ ಜಾರಿಕೊಂಡು ಬರುತ್ತಿತ್ತು. ಬೇರೆ ಬೇರೆ ಗಣಿಗಳ ತಂಡಗಳು ಸೇರುವ ಪಂದ್ಯದಲ್ಲಿ ನಮ್ಮವರೇ ಮೊದಲು ಬಂದು ಕಪ್ಪು ತಂದರು. ಕಪ್ಪು ಹಿಡಿದು ಫೋಟೋ ತೆಗೆಸಿಕೊಳ್ಳುವಾಗ ಭಾವನನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಕಪ್ಪನ್ನು ಅವರ ಹೊಟ್ಟೆಯ ಮೇಲಿಟ್ಟಿದ್ದರು.

ಹೂವಿನಂತೆ ಯಾಕೆ ಏಳುತ್ತಿತ್ತು ಅಂತ ನಾವು ಯಾರೂ ಕೇಳಿಕೊಳ್ಳಲಿಲ್ಲ.

ತಂಡಕ್ಕೆ ನಿಜವಾದ ಕೆಲಸ ಬಂದದ್ದು ಒಂದು ಮಧ್ಯಾಹ್ನ. ಕೆಳಗೆ ಪಂಪು ನೋಡಿಕೊಳ್ಳುವ ಒಬ್ಬನಿದ್ದಾನೆ, ಆನೆ ಅಂತ ಕರೆಯುತ್ತಾರೆ. ಆಕಾರ ನೋಡಿದರೆ ಯಾಕೆ ಅಂತ ಕೇಳಬೇಕಾಗಿಲ್ಲ. ಗೋಡೆಯಿಂದ ಕಲ್ಲು ಜರಿದು ಅವನ ತಲೆಗೂ ಪಕ್ಕೆಗೂ ಹೊಡೆದಿತ್ತು. ಫೋನು ಬಂದ ಕೂಡಲೇ ತಂಡ ಇಳಿಯಿತು, ನಾನೂ ಚೀಲ ಹಿಡಿದು ಹಿಂದೆಯೇ ಇಳಿದೆ. ಆನೆ ನೀರು ನಿಂತ ನೆಲದಲ್ಲಿ ಅಂಗಾತ ಬಿದ್ದಿದ್ದ. ಉಸಿರಿತ್ತು, ಎಚ್ಚರ ಇರಲಿಲ್ಲ. ನಮ್ಮ ಹುಡುಗರು ಗಾಬರಿಯಾಗಲಿಲ್ಲ. ಕತ್ತಿಗೆ ಪಟ್ಟಿ ಹಾಕಿದರು, ರಕ್ತ ನಿಲ್ಲಿಸಿದರು, ನಾಲ್ಕು ಕಡೆ ಮಂಡಿಯೂರಿದರು. ನೋಡಿ ನನಗೇ ಹೆಮ್ಮೆಯಾಯಿತು.

ಮೀಸೆ ಮೂರು ಅಂದ. ಆನೆಯ ಭುಜ ಮೇಲೆ ಬಂತು, ಕಾಲು ಮೇಲೆ ಬಂತು, ಸೊಂಟ ನೆಲದಲ್ಲೇ ಉಳಿಯಿತು. ಎಲ್ಲರೂ ಹಾಗೇ ನಿಂತರು. ಸ್ಟ್ರೆಚರ್ ಹಿಡಿದಿದ್ದವನು ತಳ್ಳಲು ಕಾಯುತ್ತಿದ್ದ. ಉಳಿದವರೆಲ್ಲ ಆನೆಯ ಸೊಂಟವನ್ನೇ ನೋಡುತ್ತಿದ್ದರು. ಅವರಲ್ಲೊಬ್ಬ, ಎಷ್ಟೋ ವರ್ಷದ ಅನುಭವಸ್ಥ, ಪ್ರಜ್ಞೆ ತಪ್ಪಿದವನಿಗೆ ಮೆಲ್ಲಗೆ ಹೇಳಿದ.

"ಸೊಂಟ ಒಂಚೂರು ಎತ್ತಣ್ಣ."

ಆನೆ ಎಲ್ಲಿಂದ ಎತ್ತಬೇಕು? ಅಷ್ಟರಲ್ಲಿ ಒಬ್ಬನ ಕೈಗವಸು ಜಾರಿತು, ಇನ್ನೊಬ್ಬನ ಕೈ ಸೋತಿತು, ಎತ್ತಿದ್ದ ಮೈ ಮತ್ತೆ ನೆಲಕ್ಕೆ ಬಿತ್ತು. ಬಿದ್ದದ್ದು ಒಂದು ಗೇಣು ಎತ್ತರದಿಂದ. ಆ ಸದ್ದು ಮಾತ್ರ ನನಗೆ ಈಗಲೂ ಕೇಳಿಸುತ್ತದೆ. ಮೂರನೇ ಸಲ ಹೇಗೋ ಎಳೆದು ಮಲಗಿಸಿ ಮೇಲೆ ತಂದೆವು. ಲಿಫ್ಟಿನ ಬಾಗಿಲಲ್ಲಿ ಭಾವ ಕಾಯುತ್ತಿದ್ದರು. ಸ್ಟ್ರೆಚರಿನ ಒಂದು ಮೂಲೆ ಹಿಡಿದು, ಕುಂಟುತ್ತಲೇ ಆಂಬ್ಯುಲೆನ್ಸಿನವರೆಗೆ ಬಂದರು.

ಆನೆ ಬದುಕಿದ. ತಲೆ, ಪಕ್ಕೆ ಎಲ್ಲ ಕೂಡಿಕೊಂಡವು. ಸೊಂಟದ ಮೂಳೆಯಲ್ಲಿ ಬಿರುಕು ಬಿಟ್ಟಿತ್ತು. ಅದು ಕಲ್ಲಿನಿಂದ ಆದದ್ದೋ ಕೈಯಿಂದ ಜಾರಿ ಆದದ್ದೋ ಹೇಳೋಕಾಗಲ್ಲ ಅಂದರು ಡಾಕ್ಟರು. ಇನ್ನು ಕೋಲು ಹಿಡಿದೇ ನಡೆಯಬೇಕು ಅಂದರು.

ಸೊಂಟ ಎತ್ತಣ್ಣ ಅಂದಿದ್ದವನು ಆ ಸಂಜೆ ಅಕ್ಕನ ಮನೆಗೆ ಬಂದ. ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. "ನಿನಗೆ ಹೇಳೋ ಹಾಗೆ ಅವನಿಗೂ ಹೇಳಿಬಿಟ್ಟೆ ಅಣ್ಣ. ಅಭ್ಯಾಸಬಲ," ಅಂದ. ಅವನು ಹೋದಮೇಲೆ ಭಾವ ನೆಲದ ಮೇಲೆ ಅಂಗಾತ ಮಲಗಿ, ಸೊಂಟದ ಕೆಳಗೆ ತಮ್ಮದೇ ಕೈ ಇಟ್ಟುಕೊಂಡು, ಬಾಯಲ್ಲೇ ಒಂದು ಎರಡು ಮೂರು ಅಂದರು. ಅಕ್ಕ ಒಲೆಯ ಮುಂದಿನಿಂದ ತಿರುಗಿ ನೋಡಿ, ಏನ್ರೀ ಅದು, ಮನೆಯಲ್ಲೂ ಶುರು ಮಾಡಿದ್ರಾ ಅಂದಳು.

"ನಾನು ಎತ್ತುತಿದ್ದೆ ಕಣೇ," ಅಂದರು ಭಾವ. "ಅವರು ಎತ್ತುತಿರಲಿಲ್ಲ. ಇಷ್ಟು ವರ್ಷ ನಾನೇ ಎತ್ತುತಿದ್ದೆ."

ಮಾರನೆಯ ದಿನ ಸೇಫ್ಟಿ ಮೇಡಂ ಎಲ್ಲರನ್ನೂ ಕೂರಿಸಿಕೊಂಡು ಏನಾಯಿತು ಅಂತ ಕೇಳಿದರು. ಮೇಡಂ ವಯಸ್ಸಿನಲ್ಲಿ ಚಿಕ್ಕವರು, ದನಿ ಏರಿಸುವವರಲ್ಲ. ಒಬ್ಬ ಜಾಗ ಇಕ್ಕಟ್ಟು ಅಂದ, ಒಬ್ಬ ನೆಲ ಒದ್ದೆ ಅಂದ, ಒಬ್ಬ ಆನೆಯ ತೂಕದ ಮೇಲೆ ಹಾಕಿದ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಅಂತ ನನ್ನ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಆಗ ಭಾವ ಎದ್ದು ನಿಂತು, ತಪ್ಪು ನನ್ನದು ಮೇಡಂ ಅಂದರು, ಎಲ್ಲ ಹೇಳಿದರು. ಇಬ್ಬರು ನಕ್ಕರು. ಮೇಡಂ ನಗಲಿಲ್ಲ.

"ತಪ್ಪು ಅಂತ ಯಾಕೆ ಅಂತೀರಿ," ಅಂದರು ಅವರು. "ಒಬ್ಬರ ಮೇಲೆಯೇ ಕಲಿಸಿದ್ದು ನಮ್ಮದೂ ತಪ್ಪೇ. ಪ್ರಾಕ್ಟೀಸಿಗೆ ಅಂತ ಮರಳು ತುಂಬಿದ ಬೊಂಬೆ ಬರುತ್ತೆ. ಮನುಷ್ಯನಷ್ಟೇ ತೂಕ. ಅದನ್ನ ತರಿಸೋಣ ಅಂತಿದೀನಿ."

ಬೊಂಬೆ ಅನ್ನುವ ಮಾತು ಕೇಳಿ ಭಾವನ ಮುಖ ಬಿಳಿಚಿಕೊಂಡಿತು. ಬೊಂಬೆ ಬಂದರೆ ಭಾವನಿಗೆ ಕೆಳಗೇನು ಕೆಲಸ? ಗೇಟಿನ ಸ್ಟೂಲು ಇನ್ನೂ ಅಲ್ಲೇ ಇತ್ತು. ಭಾವ, ಒಂದು ಅವಕಾಶ ಕೊಡಿ ಮೇಡಂ, ನಾನು ಭಾರ ಬಿಡೋದು ಕಲೀತೀನಿ ಅಂದರು. ಆಗಲಿ, ನೋಡಿ ಅಂದರು ಮೇಡಂ.

ಆಮೇಲೆ ಶುರುವಾಯಿತು ನಮ್ಮ ಪಾಠ. ದಿನಾ ಮಧ್ಯಾಹ್ನ ದವಾಖಾನೆಯ ಮಂಚದ ಮೇಲೆ ಭಾವ, ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಮೀಸೆ. ಸೊಂಟದ ಕೆಳಗೆ ಕೈ ತೂರಿಸಿ, ಮೈ ಬಿಡಿ ಭಾವ ಅನ್ನುತ್ತಿದ್ದೆ.

"ಬಿಟ್ಟಿದೀನಲ್ಲಮ್ಮ."

"ಬಿಟ್ಟಿಲ್ಲ. ನನ್ನ ಕೈ ಮೇಲೆ ಏನೂ ಭಾರ ಇಲ್ಲ."

"ಈಗ?"

"ಈಗ ಇನ್ನೂ ಎತ್ತಿದೀರಿ."

ಮೀಸೆ ಗದರಿಸಿ ನೋಡಿದ, ಕಚಗುಳಿ ಇಟ್ಟು ನೋಡಿದ, ಸತ್ತ ಹಾಗೆ ಬಿದ್ಕೋ ಅಣ್ಣ ಅಂತ ಕೈ ಮುಗಿದ. ಕೈ ಮೈಗೆ ತಾಗುವುದೇ ತಡ, ಭಾವನ ಬಲಗಾಲು ಮಂಚಕ್ಕೆ ಒತ್ತಿಕೊಂಡು ಸೊಂಟ ಎದ್ದುಬಿಡುತ್ತಿತ್ತು. ಒಂದು ದಿನ ಊಟ ಮಾಡಿ ಬಂದವರು ಅಲ್ಲೇ ನಿದ್ದೆ ಹೋದರು. ಗೊರಕೆ ಹತ್ತಿತ್ತು. ಇದೇ ಸಮಯ ಅಂತ ನಾನು ಸದ್ದಿಲ್ಲದೆ ಕೈ ತೂರಿಸಿದೆ. ಗೊರಕೆ ನಿಲ್ಲಲಿಲ್ಲ, ಸೊಂಟ ಎದ್ದಿತು. ನಾನು ಕೈ ತೆಗೆದು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ಇದು ಹುಟ್ಟುಗುಣವೂ ಅಲ್ಲ. ಆ ಚಪ್ಪಡಿಯ ಅಡಿಯಲ್ಲಿ ಬದುಕಲು ಮೈ ಕಲಿತದ್ದು. ಅದನ್ನು ಮರೆ ಅಂದರೆ ಮೈ ಹೇಗೆ ಮರೆತೀತು?

ಎಚ್ಚರವಾದಾಗ ಅವರಿಗೆ ಹೇಳಿದೆ. ನಿದ್ದೆಯಲ್ಲೂನಾ ಅಂದರು. ಹೂಂ ಅಂದೆ. ಸ್ವಲ್ಪ ಹೊತ್ತು ಚಪ್ಪಲಿ ಹುಡುಕಿಕೊಂಡರು, ಹುಡುಕಬೇಕಾಗಿರಲಿಲ್ಲ, ಕಾಲ ಬಳಿಯೇ ಇತ್ತು. ಆಮೇಲೆ ನೆಟ್ಟಗೆ ಮೇಡಂ ಕೋಣೆಗೆ ಹೋಗಿ, ನನ್ನಿಂದ ಆಗಲ್ಲ, ಬೊಂಬೆಯೇ ಆಗಲಿ ಅಂದರು. ತರಿಸೋಕೆ ತಿಂಗಳುಗಟ್ಟಲೆ ಆಗುತ್ತೆ ಅಂತ ಮೇಡಂ ಹೇಳಿದ್ದಕ್ಕೆ, ಅಷ್ಟು ದಿನ ಕಾಯೋ ಹಾಗಿಲ್ಲ, ನಾಳೆಯೇ ಯಾರಿಗಾದರೂ ಪೆಟ್ಟಾದರೆ? ನಾನೇ ಮಾಡಿಕೊಡ್ತೀನಿ ಅಂದರಂತೆ. ತನ್ನ ಹೊಟ್ಟೆಯ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಅಂದರೆ ಇದೇ ಅಂತ ನಾನು ಅಕ್ಕನ ಹತ್ತಿರ ರೇಗಿದೆ. ಗಂಡ ಕೆಳಗಿಳಿಯುವುದು ಬೇಡ ಅಂತ ಇಷ್ಟು ವರ್ಷ ಹೇಳುತ್ತಿದ್ದ ಅಕ್ಕ, ಈಗ ಒಂದು ಮಾತೂ ಆಡದೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟಳು.

ಬೊಂಬೆ ಹುಟ್ಟಿದ್ದು ಅಕ್ಕನ ನಡುಮನೆಯಲ್ಲಿ. ಹಳೆಯ ದಪ್ಪ ಯೂನಿಫಾರಂ, ಒಳಗೆ ಕ್ಯಾನ್ವಾಸಿನ ಸಣ್ಣ ಸಣ್ಣ ಚೀಲ, ಚೀಲದಲ್ಲಿ ಜರಡಿ ಹಿಡಿದ ಮರಳು. ಕೈಗವಸು ಹೊಲಿದು ಕೈ ಮಾಡಿದರು, ಹಳೆಯ ಬೂಟಿನಿಂದ ಕಾಲು. ತೋಳು ತೊಡೆ ಎಲ್ಲ ಬೇಗ ಆದವು, ಸೊಂಟ ಮಾತ್ರ ಮೂರು ಸಲ ಬಿಚ್ಚಿ ಹೊಲಿದದ್ದಾಯಿತು.

"ಇನ್ನೂ ಬಿಗಿ ಇದೆ. ಜೋಲು ಬೀಳಬೇಕು," ಅನ್ನುವರು ಭಾವ.

"ನಿಮ್ಮ ತಮ್ಮನಿಗೆ ಬೆನ್ನುಮೂಳೆಯೇ ಇಲ್ಲದ ಹಾಗೆ ಮಾಡಬೇಕಾ?" ಅನ್ನುವಳು ಅಕ್ಕ, ಬಾಯಲ್ಲಿ ದಾರ ಕಚ್ಚಿಕೊಂಡು.

ಹಾಗೆ ಅದಕ್ಕೆ ತಮ್ಮ ಅನ್ನುವ ಹೆಸರೇ ನಿಂತಿತು. ಆನೆಯೂ ಕೋಲೂರಿಕೊಂಡು ನೋಡಲು ಬಂದ. ಅವನ ತೂಕದಷ್ಟೇ ಮರಳು ತುಂಬಿದ್ದರಿಂದ ಅವನಿಗೆ ಒಂಥರಾ ಹೆಮ್ಮೆ. ಭಾವ ಅವನ ಮುಂದೆ ತಲೆ ತಗ್ಗಿಸಿ, ನಿನ್ನ ಸೊಂಟಕ್ಕೆ ನಾನೇ ಹೊಣೆ ಅಂದರು. "ಬಿಡಣ್ಣ, ನೀನು ಹೇಗೆ ಮಲಗಿದ್ರೂ ನನ್ನ ಎತ್ತೋಕೆ ಕ್ರೇನೇ ಬೇಕಿತ್ತು," ಅಂದ ಆನೆ. ಅಕ್ಕ ನಕ್ಕಳು, ನಾನೂ ನಕ್ಕೆ. ಭಾವ ಸೂಜಿಗೆ ದಾರ ಪೋಣಿಸುತ್ತ ಕೂತರು.

ತಮ್ಮ ಕೆಳಗಿಳಿದ ಮೊದಲ ದಿನ ಕಪ್ಪು ಗೆದ್ದ ತಂಡ ಅವನನ್ನು ನೆಲದಿಂದ ಮೇಲೆತ್ತಲಾಗದೆ ಏದುಸಿರು ಬಿಟ್ಟಿತು. ಹೇಗೆ ಹಿಡಿದರೂ ಸೊಂಟ ಜೋತು ಬೀಳುತ್ತಿತ್ತು. ಮುಂದಿನ ವಾರ ಸೊಂಟದ ಕೆಳಗೆ ಬೆಲ್ಟು ಹಾಯಿಸಿ ನೋಡಿದರು. ಅದರ ಮುಂದಿನ ವಾರ ನಿಲ್ಲುವ ಜಾಗ ಬದಲಿಸಿದರು. ಭಾವ ಕೈಕಟ್ಟಿ ಗೋಡೆಗೆ ಒರಗಿ ನೋಡುತ್ತಿದ್ದರು. ತಮ್ಮ ಹರಿದರೆ ಹೊಲಿಯಲು ಒಬ್ಬರು ಬೇಕು ಅನ್ನುವ ನೆಪದಲ್ಲಿ ಮೇಡಂ ಸದ್ಯಕ್ಕೆ ಅವರನ್ನು ಕೆಳಗೆ ಬಿಡುತ್ತಿದ್ದರು. ಅಕ್ಕನ ಹೊಲಿಗೆ ಹರಿಯುವಂಥದ್ದಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಈ ತಿಂಗಳು ಮುಗಿದರೆ ಮತ್ತೆ ಗೇಟು ಅಂತ ಭಾವನೇ ಮನೆಯಲ್ಲಿ ಹೇಳಿದ್ದರು.

ಕೊನೆಗೆ ಒಂದು ದಿನ ತಮ್ಮ ಒಂದೇ ಸಲಕ್ಕೆ ಮೇಲೆದ್ದ. ಎಲ್ಲೂ ಜೋಲಲಿಲ್ಲ, ಯಾರ ಕೈಯೂ ಜಾರಲಿಲ್ಲ. ಹುಡುಗರಿಗೆ ಹಿಗ್ಗು. ಲಿಫ್ಟು ಬರುವುದು ತಡ ಅಂತ ಗೊತ್ತಾಗಿ ತಮ್ಮನನ್ನು ಅಲ್ಲೇ ಇಳಿಸಿ ನೀರು ಕುಡಿಯಲು ನಿಂತರು. ಒಬ್ಬ ಸಾಮಾನಿನ ಚೀಲವನ್ನು ತಮ್ಮನ ಎದೆಯ ಮೇಲಿಟ್ಟ. ಇನ್ನೊಬ್ಬ ಅವನ ಮುಖ ದಾಟಿಕೊಂಡು ಹೋದ. ರಜೆ ಯಾವಾಗ, ಯಾರ ಮದುವೆ, ಇಂಥ ಮಾತು. ನಾನೂ ಅವರ ಜೊತೆ ನಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಭಾವ ಗೋಡೆ ಬಿಟ್ಟು ಬಂದರು. ಎಡಗಾಲು ಮಡಚಲು ಬಾರದು, ಅದನ್ನು ಚಾಚಿಕೊಂಡೇ ಒದ್ದೆ ನೆಲದಲ್ಲಿ ತಮ್ಮನ ತಲೆಯ ಬಳಿ ಕೂತರು. ಎದೆಯ ಮೇಲಿದ್ದ ಚೀಲ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಮಾತಾಡಿದರು, ತಮ್ಮನ ಪರವಾಗಿ.

"ಯಾರಪ್ಪ ಅದು? ದೀಪ ಕಣ್ಣಿಗೆ ಬಿಡಬೇಡ."

ಹುಡುಗರು ನಕ್ಕರು. ನಾಟಕ ಶುರುವಾಯಿತು ಅಂದ ಒಬ್ಬ.

"ನನ್ನ ಕಾಲು ಇದೆಯಾ? ನೋಡಿ ಹೇಳಿ. ನನಗೆ ಗೊತ್ತಾಗ್ತಿಲ್ಲ."

ಆ ದನಿ ನಾನು ಕೇಳಿದ್ದಲ್ಲ. ಇಷ್ಟು ವರ್ಷ ಪ್ರಾಕ್ಟೀಸಿನಲ್ಲಿ ಕೂಗಿದ್ದ ಯಾವ ಕೂಗೂ ಹಾಗಿರಲಿಲ್ಲ. ಅದು ಕೂಗೇ ಅಲ್ಲ, ಪಕ್ಕದವರಿಗೆ ಮಾತ್ರ ಕೇಳುವಂಥದ್ದು. ನೀರಿನ ಬಾಟಲಿ ಹಿಡಿದವನು ಅದನ್ನು ಕೆಳಗಿಟ್ಟ.

"ನೀವು ಮಾತಾಡ್ಕೊತಾ ಇರಿ, ಪರವಾಗಿಲ್ಲ. ಆದ್ರೆ ನನ್ನ ಹತ್ರಾನೂ ಒಂದು ಮಾತಾಡಿ. ನಾನು ಸತ್ತಿಲ್ಲ." ಭಾವ ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಹೋಗಿ ಸರಳು ತರ್ತೀವಿ, ಜನ ಕರ್ಕೊಂಡು ಬರ್ತೀವಿ ಅಂದ್ರಿ. ಇಬ್ಬರೂ ಹೋಗ್ತೀವಿ, ಒಬ್ಬನಿಂದ ಹೊರೋಕೆ ಆಗಲ್ಲ ಅಂದ್ರಿ. ನಾನು ಸರಿ ಹೋಗ್ರಪ್ಪ ಅಂದೆ. ಸರಿ ಅಂದಿದ್ದು ಸುಳ್ಳು."

ದೂರದಲ್ಲಿ ಪಂಪು ಓಡುವ ಸದ್ದು ಮಾತ್ರ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಮಸಿ ಮೆತ್ತಿಕೊಂಡೆ.

ಮೀಸೆ ಬಂದು ಭಾವನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಗೊತ್ತಣ್ಣ," ಅಂದ. "ಸುಳ್ಳು ಅಂತ ಅವತ್ತೇ ಗೊತ್ತಿತ್ತು. ಆದ್ರೂ ಹೋದೆ."

"ಹೋಗದೇ ಇದ್ದಿದ್ರೆ ಕಲ್ಲು ಏಳ್ತಿರಲಿಲ್ಲ ಮೀಸೆ."

"ಒಬ್ಬ ಇರಬಹುದಿತ್ತು."

"ಇರಬಹುದಿತ್ತು," ಅಂದರು ಭಾವ.

ಲಿಫ್ಟಿನ ಗಂಟೆ ಹೊಡೆಯಿತು. ಹುಡುಗರು ಎದ್ದು ತಂತಮ್ಮ ಜಾಗಕ್ಕೆ ಬಂದು ಮಂಡಿಯೂರಿದರು. ಮೀಸೆ ಎಣಿಸಲು ಬಾಯಿ ತೆರೆದವನು ನಿಲ್ಲಿಸಿ, ಸ್ಟ್ರೆಚರಿನ ಎಡಮೂಲೆ ಹಿಡಿದಿದ್ದವನ ಭುಜ ತಟ್ಟಿದ.

"ನೀನು ಬಿಡು. ಇನ್ಮೇಲೆ ನೀನು ಎತ್ತಬೇಡ. ಇವನ ತಲೆ ಹತ್ರ ಕೂತ್ಕೊಂಡು ಮಾತಾಡ್ತಾ ಇರು. ಎಲ್ಲಿಗೂ ಎದ್ದು ಹೋಗಬೇಡ."

ಅವನು ತಮ್ಮನ ದೊಡ್ಡ ಮೈ ನೋಡಿದ, ಉಳಿದವರ ಕೈ ನೋಡಿದ.

"ಮತ್ತೆ ಎತ್ತೋಕೆ ಇವರು ಸಾಕಾಗ್ತಾರಾ?"

"ಸಾಲಲ್ಲ," ಅಂದ ಮೀಸೆ. "ಆದ್ರೂ ಕೂತ್ಕೋ. ಏನು ಮಾತಾಡಬೇಕು ಅಂತ ಅಣ್ಣ ಹೇಳಿಕೊಡ್ತಾನೆ."